ಹಳೆಯ ಕಾರಿನ ಸ್ಟೀರಿಯೋ: ನಾವೇ ಬದಲಿಸೋಣವೇ?

ಕೊಲ್ಹಾಪುರದಿಂದ ಹೆದ್ದಾರಿ ಹಿಡಿದು ಗಡಹಿಂಗ್ಲಜಕ್ಕೆ ಹೊರಟರೆ ಕಾಗಲ ದಾಟುತ್ತಲೇ ನಾವು ಕರ್ನಾಟಕದಲ್ಲಿರುತ್ತೇವೆ. ನಿಪ್ಪಾಣಿ, ತವಂದಿ ಘಾಟ್ ಕಳೆದು ಸಂಕೇಶ್ವರದಲ್ಲಿ ಬಲಕ್ಕೆ ಹೊರಳಿದರೆ ಮತ್ತೆ ಮಹಾರಾಷ್ಟ್ರ. ಈ ದಾರಿಯಲ್ಲಿ ಕಾರಿನ ರೇಡಿಯೋ ಕೂಡ ಎರಡು ಭಾಷೆ ಕಲಿತಿತ್ತು. ಕೊಲ್ಹಾಪುರ ಆಕಾಶವಾಣಿ 102.7 ಎಫ್‌ಎಂನಲ್ಲಿ ಮರಾಠಿ. ಮೀಡಿಯಂ ವೇವ್‌ಗೆ ಬಂದು ಮುಳ್ಳನ್ನು 765ಕ್ಕೆ ತಂದರೆ ಧಾರವಾಡದ ಕನ್ನಡ. 1950ರ ಜನವರಿ 8ರಂದು ಆರಂಭವಾದ ಧಾರವಾಡ ಕೇಂದ್ರ ಗಡಿಯ ಈಚೆಗಿನ ಕನ್ನಡ ಮನೆಗಳಿಗೆ ಎಷ್ಟು ಹತ್ತಿರದ್ದೆಂದು ನಾವು ಬಿಡಿಸಿ ಹೇಳಬೇಕಿಲ್ಲ.

ಹೀಗಾಗಿ ಹಳೆಯ ಸ್ಟೀರಿಯೋ ತೆಗೆಯುವ ಮಾತು ಬಂದಾಗ ಮನೆಯಲ್ಲಿ ಎರಡು ಪಕ್ಷಗಳಾಗುತ್ತವೆ. ಮಕ್ಕಳಿಗೆ ಬ್ಲೂಟೂತ್ ಬೇಕು, ಅಜ್ಜನಿಗೆ ಧಾರವಾಡ ಬೇಕು. ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವ ಎಷ್ಟೋ ಹೊಸ ಸೆಟ್ಟುಗಳಲ್ಲಿ ಎಫ್‌ಎಂ ಮಾತ್ರ ಇರುತ್ತದೆ, ಮೀಡಿಯಂ ವೇವ್ ಇರುವುದೇ ಇಲ್ಲ. ಡಬ್ಬದ ಮೇಲೆ ಎಎಂ ಎಂಬ ಅಕ್ಷರಗಳಿವೆಯೇ ಎಂದು ನೋಡದೆ ತಂದವರಿಗೆ ಇದು ತಿಳಿಯುವುದು ಮುಂದಿನ ಪ್ರಯಾಣದಲ್ಲೇ. ಎಫ್‌ಎಂ ಅಲೆ ನೇರಕ್ಕೆ ಹೋಗುವಂಥದ್ದು, ಗುಡ್ಡ ಅಡ್ಡ ಬಂದರೆ ಸೊರಗುತ್ತದೆ; ಮೀಡಿಯಂ ವೇವ್ ನೆಲಕ್ಕಂಟಿ ಬಹುದೂರ ಹರಿಯುತ್ತದೆ. ಆದ್ದರಿಂದ ಸ್ಕ್ರೂಡ್ರೈವರ್ ಹಿಡಿಯುವ ಮೊದಲು ಹಳೆಯ ಸೆಟ್ಟಿನಲ್ಲಿ 765 ಹಾಕಿ, ನೀವು ಓಡಾಡುವ ದಾರಿಯಲ್ಲಿ ಏನು ಕೇಳಿಸುತ್ತದೆಂದು ನೋಡಿ. ಚೆನ್ನಾಗಿ ಕೇಳಿಸಿದರೆ ಎಎಂ ಇರುವ ಸೆಟ್ಟನ್ನೇ ಹುಡುಕುವುದು ಲೇಸು. ಕೇಳಿಸದಿದ್ದರೆ ಪ್ರಸಾರ ಭಾರತಿಯ ನ್ಯೂಸ್ ಆನ್ ಏರ್ ಆ್ಯಪ್ ಇದೆ. ಮೊಮ್ಮಗನ ಫೋನು, ಬ್ಲೂಟೂತ್ ಸೇರಿದರೆ ಅಜ್ಜನ ಕೆಲಸವೂ ಆಯಿತು.

ಕೆಲಸ ಎಷ್ಟು ಕಷ್ಟ? ಮಾರುತಿ 800ರಂಥ ಹಳೆಯ ಕಾರಾದರೆ ಒಂದು ಮಧ್ಯಾಹ್ನದ್ದು. 1983ರ ಡಿಸೆಂಬರ್‌ನಲ್ಲಿ ರಸ್ತೆಗಿಳಿದು 2014ರ ಜನವರಿಯವರೆಗೆ ತಯಾರಾದ ಆ ಕಾರು ನಮ್ಮ ಕಡೆಯ ಎಷ್ಟು ಮನೆಗಳ ಮೊದಲ ಕಾರೋ! ಹಳೆಯ ಸೆಟ್ಟಿನ ಮುಖ ಅಳೆದು ನೋಡಿ: 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರವಿದ್ದರೆ ಅದು ಎಲ್ಲೆಡೆ ಸಿಗುವ ಒಂಟಿ ಡಿನ್ ಅಳತೆ. ಎತ್ತರ ನೂರಾದರೆ ಜೋಡಿ ಡಿನ್. ಸ್ಟೀರಿಂಗ್ ಮೇಲಿನ ಬಟನ್‌ಗಳು, ಹಿಂಬದಿ ಕ್ಯಾಮೆರಾ ಎಲ್ಲ ಒಂದರೊಳಗೊಂದು ಹೆಣೆದುಕೊಂಡ ಈಚಿನ ಕಾರುಗಳಿಗೆ ಮನೆಯಲ್ಲಿ ಕೈ ಹಾಕಬೇಡಿ ಎಂದೇ ನಮ್ಮ ಸಲಹೆ. ಏರ್‌ಬ್ಯಾಗ್‌ನ ತಂತಿಗಳನ್ನಂತೂ ಮುಟ್ಟಲೇಬಾರದು.

ಮೊದಲು ಬ್ಯಾಟರಿಯ ಮೈನಸ್ ತುದಿ ಬಿಚ್ಚಿ. ಪ್ಲಸ್ ಏಕೆ ಮೊದಲಲ್ಲ? ಕಾರಿನ ಇಡೀ ಮೈ ಮೈನಸ್ಸಿಗೆ ಸೇರಿದೆ. ಪ್ಲಸ್ ಬಿಚ್ಚುವಾಗ ಪಾನಾ ಜಾರಿ ತಗಡಿಗೆ ತಗುಲಿದರೆ ಪಾನಾ ಕೆಂಪಗೆ ಕಾಯುವಷ್ಟು ಕರೆಂಟು ಹರಿಯುತ್ತದೆ. ಮೈನಸ್ ಮೊದಲೇ ಬಿಚ್ಚಿದ್ದರೆ ಆ ಭಯವಿಲ್ಲ. ಜೋಡಿಸುವಾಗ ಮೈನಸ್ ಕೊನೆಗೆ. ಸೆಟ್ಟಿನ ಎರಡೂ ಬದಿಯ ಸಂದಿಯಲ್ಲಿ ಅದರ ತಗಡಿನ ಕೀಲಿಗಳನ್ನು ತೂರಿಸಿ ಎಳೆದರೆ ಪೆಟ್ಟಿಗೆ ಈಚೆಗೆ ಬರುತ್ತದೆ. ತಂತಿಗಳನ್ನು ಕತ್ತರಿಸುವ ಮೊದಲು ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ.

ಈಗ ತಂತಿಗಳ ಮಾತು, ಎಲ್ಲ ಪೇಚೂ ಇಲ್ಲೇ. ಹೊಸ ಸೆಟ್ಟಿನಲ್ಲಿ ಕಪ್ಪು ತಂತಿ ಮೈನಸ್, ಕಾರಿನ ಮೈಗೆ. ಹಳದಿ ತಂತಿಗೆ ಸದಾ 12 ವೋಲ್ಟ್ ಇರಬೇಕು. ಸೆಟ್ಟಿನ ನೆನಪು ಉಳಿಯುವುದು ಅದರಿಂದ. ಕೆಂಪು ತಂತಿಗೆ ಕೀಲಿ ತಿರುಗಿಸಿದಾಗ ಮಾತ್ರ ಕರೆಂಟು. ಎರಡನ್ನೂ ಕೀಲಿಗೆ ಕೊಟ್ಟರೆ ಪ್ರತಿ ಸಲ ಕಾರು ನಿಂತಾಗ ಸ್ಟೇಷನ್‌ಗಳು ಅಳಿಸಿಹೋಗುತ್ತವೆ. ಎರಡನ್ನೂ ಬ್ಯಾಟರಿಗೇ ಕೊಟ್ಟರೆ ಕೀಲಿ ತೆಗೆದ ಮೇಲೂ ಸೆಟ್ ಎಚ್ಚರವಿರುತ್ತದೆ. ನಾಲ್ಕು ದಿನ ಕಾರು ತೆಗೆಯದಿದ್ದರೆ ಐದನೆಯ ದಿನ ಓಣಿಯವರೆಲ್ಲ ಸೇರಿ ನೂಕಬೇಕು. ಕಾರಿನ ತಂತಿಗಳ ಬಣ್ಣವನ್ನಂತೂ ನಂಬಬೇಡಿ. ಇಪ್ಪತ್ತು ವರ್ಷದಲ್ಲಿ ಯಾರ್‍ಯಾರು ಏನೇನು ಜೋಡಿಸಿದ್ದಾರೋ! ಬ್ಯಾಟರಿ ಸ್ವಲ್ಪ ಹೊತ್ತು ಜೋಡಿಸಿ, ಟೆಸ್ಟ್ ಲ್ಯಾಂಪಿನ ಒಂದು ತುದಿಯನ್ನು ಕಾರಿನ ಲೋಹಕ್ಕೆ, ಇನ್ನೊಂದನ್ನು ತಂತಿಗೆ ಹಿಡಿಯಿರಿ. ಕೀಲಿ ಇಲ್ಲದೆಯೂ ಉರಿದರೆ ಅದು ಹಳದಿಯ ಜೋಡಿ, ಕೀಲಿ ತಿರುಗಿಸಿದಾಗ ಉರಿದರೆ ಕೆಂಪಿನದು. ಪತ್ತೆಯಾದ ಮೇಲೆ ಬ್ಯಾಟರಿ ಮತ್ತೆ ಬಿಚ್ಚಿ.

ಸ್ಪೀಕರ್‌ಗಳಿಗೆ ಬಿಳಿ ಮುಂದಿನ ಎಡಕ್ಕೆ, ಬೂದು ಮುಂದಿನ ಬಲಕ್ಕೆ, ಹಸಿರು ಹಿಂದಿನ ಎಡಕ್ಕೆ, ನೇರಳೆ ಹಿಂದಿನ ಬಲಕ್ಕೆ. ಅದೇ ಬಣ್ಣದ ಮೇಲೆ ಕಪ್ಪು ಗೀರಿದ್ದರೆ ಅದು ಆ ಸ್ಪೀಕರಿನ ಮೈನಸ್. ಈ ಮೈನಸ್ ತಂತಿ ಕಾರಿನ ಮೈಗೆ ತಗುಲಲೇಬಾರದು. ಹಳೆಯ ಕಾಲದ ಕೆಲವು ಸೆಟ್ಟುಗಳಲ್ಲಿ ಸ್ಪೀಕರ್‌ನ ಒಂದು ತಂತಿಯನ್ನು ತಗಡಿಗೇ ಬಿಗಿಯುತ್ತಿದ್ದರು. ಆ ಜೋಡಣೆಯ ಮೇಲೆ ಹೊಸ ಸೆಟ್ ಕೂರಿಸಿದರೆ ಒಳಗಿನ ಐಸಿ ಸುಟ್ಟುಹೋಗಬಹುದು. ಅಂಥ ಕಾರಾದರೆ ಪ್ರತಿ ಸ್ಪೀಕರ್‌ಗೂ ಹೊಸದಾಗಿ ಜೋಡಿ ತಂತಿ ಎಳೆಯಿರಿ. ಅಂಗಡಿಯವರು ಇದಕ್ಕೆ ಹೆಚ್ಚು ಕೂಲಿ ಕೇಳಿದರೆ ಅದು ನ್ಯಾಯವೇ, ಬಾಗಿಲಿನ ಹೊದಿಕೆ ಬಿಚ್ಚುವ ಕೆಲಸ ಅದು.

ತಂತಿಗಳನ್ನು ಹೊಸೆದು ಟೇಪು ಸುತ್ತಿ ಬಿಡುವುದು ನಮ್ಮಲ್ಲಿ ಬಹಳ. ಏಪ್ರಿಲ್ ಬಿಸಿಲಿಗೆ ಟೇಪಿನ ಅಂಟು ಕರಗಿ ಜಾರುತ್ತದೆ, ಬೆತ್ತಲೆ ತಂತಿಗಳು ಒಂದಕ್ಕೊಂದು ತಾಗುತ್ತವೆ. ಕಾರಿಗೆ ಬೆಂಕಿ ಬೀಳಲು ಅಷ್ಟೇ ಸಾಕು. ಬೆಸುಗೆ ಹಾಕಿ, ಬಿಸಿಗೆ ಕುಗ್ಗುವ ಸ್ಲೀವ್ ಏರಿಸಿ. ಕೊಲ್ಹಾಪುರದ ಶಿವಾಜಿ ಉದ್ಯಮನಗರದಂಥ ಜಾಗವಿರುವ ಊರಿನವರಿಗೆ ಬೆಸುಗೆ ಹಾಕುವ ಕೈ ಹುಡುಕುವುದೇನು ಕಷ್ಟ! ಫ್ಯೂಸ್ 10 ಆಂಪಿಯರ್ ಇದ್ದರೆ 10ರದನ್ನೇ ಹಾಕಬೇಕು. ಪದೇ ಪದೇ ಹೋಗುತ್ತದೆಂದು ತಾಮ್ರದ ಎಳೆ ಸುತ್ತಬೇಡಿ.

ಎಲ್ಲ ಜೋಡಿಸಿದ ಮೇಲೂ ರೇಡಿಯೋ ಮಂಕಾಗಿದ್ದರೆ ನೀಲಿ ತಂತಿ ನೋಡಿ. ಕೆಲವು ಕಾರುಗಳ ಆಂಟೆನಾಕ್ಕೆ ಆ ತಂತಿಯಿಂದ ಕರೆಂಟು ಬೇಕು. ಮೀಡಿಯಂ ವೇವ್ ಮಾತ್ರ ಕರಕರ ಎಂದರೆ ಸಿಗರೇಟು ಸಾಕೆಟ್ಟಿನ ಅಗ್ಗದ ಮೊಬೈಲ್ ಚಾರ್ಜರ್ ಕಿತ್ತು ನೋಡಿ, ಎಷ್ಟೋ ಸಲ ಕಳ್ಳ ಅದೇ. ಇಚಲಕರಂಜಿಯ ಪವರ್‌ಲೂಮ್ ಓಣಿಗಳಲ್ಲಿ ನಿಂತು ಪರೀಕ್ಷಿಸುವವರು ಗಾಬರಿಯಾಗಬೇಡಿ, ಮಗ್ಗದ ಮೋಟಾರುಗಳ ಗದ್ದಲವನ್ನೂ ಮೀಡಿಯಂ ವೇವ್ ಹಿಡಿಯುತ್ತದೆ. ಊರ ಹೊರಗೆ ಹೋಗಿ ಕೇಳಿ.

ಹಳೆಯ ಸೆಟ್ಟನ್ನು ಗುಜರಿಗೆ ಹಾಕುವ ಅವಸರ ಏಕೆ? ಮದುವೆಯ ಹಾಡು, ತೀರಿಹೋದವರ ದನಿ ತುಂಬಿದ ಕ್ಯಾಸೆಟ್ಟುಗಳು ಕಪಾಟಿನಲ್ಲಿ ಇನ್ನೂ ಇವೆ, ಅವನ್ನು ಹಾಕುವ ಯಂತ್ರವೇ ಮನೆಯಲ್ಲಿಲ್ಲ. 12 ವೋಲ್ಟ್, 5 ಆಂಪಿಯರ್‌ನ ಅಡಾಪ್ಟರ್ ತಂದು ಹಳೆಯ ಸೆಟ್ಟಿನ ಹಳದಿ, ಕೆಂಪು ಎರಡನ್ನೂ ಸೇರಿಸಿ ಅದರ ಪ್ಲಸ್ಸಿಗೆ, ಕಪ್ಪನ್ನು ಮೈನಸ್ಸಿಗೆ ಕೊಡಿ. ಕಾರಿನಿಂದ ತೆಗೆದ 4 ಓಮ್ ಸ್ಪೀಕರ್ ಎರಡು, ಆಂಟೆನಾ ತೂತಿನ ನಡುವಿಗೆ ಎರಡು ಮೀಟರ್ ತಂತಿ. ಟೇಪ್ ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೋಹಾಲ್ ತಾಗಿಸಿದ ಹತ್ತಿಯಿಂದ ಒರೆಸಿ, ಒಣಗಲು ಬಿಟ್ಟು, ಮೊದಲು ಯಾರಿಗೂ ಬೇಡವಾದ ಒಂದು ಕ್ಯಾಸೆಟ್ ಹಾಕಿ ಓಡಿಸಿ ನೋಡಿ. ಅದು ಸಿಕ್ಕಿಕೊಳ್ಳದೆ ಕೊನೆಯವರೆಗೆ ಓಡಿದ ಮೇಲೆ ಅಜ್ಜಿಯ ದನಿಯ ಕ್ಯಾಸೆಟ್ ಹಾಕಿ, ಪಕ್ಕದಲ್ಲಿ ಮೊಬೈಲ್ ಇಟ್ಟು ರೆಕಾರ್ಡ್ ಮಾಡಿಕೊಳ್ಳಿ.