ಫುಲ್ ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾ ಮತ್ತು ಜಲನಿರೋಧಕ ಕಾಂಪ್ಯಾಕ್ಟ್ ಕ್ಯಾಮೆರಾ: ಆಯ್ಕೆಯ ವಿಚಾರ

ಫುಲ್ ಫ್ರೇಮ್ ಮಿರರ್‌ಲೆಸ್ ಕ್ಯಾಮೆರಾ ಎಂದರೆ 36 × 24 ಮಿಲಿಮೀಟರ್ ಅಳತೆಯ ಸಂವೇದಕವನ್ನು ಹೊಂದಿರುವ, ಒಳಗೆ ಪ್ರತಿಫಲಕ ಕನ್ನಡಿ ಇಲ್ಲದ, ಮಸೂರವನ್ನು ಬದಲಾಯಿಸಬಹುದಾದ ಡಿಜಿಟಲ್ ಕ್ಯಾಮೆರಾ. ಜಲನಿರೋಧಕ ಕಾಂಪ್ಯಾಕ್ಟ್ ಕ್ಯಾಮೆರಾ ಎಂದರೆ ಮಸೂರ ಮತ್ತು ದೇಹ ಎರಡೂ ಒಂದೇ ಕವಚದೊಳಗೆ ಅಡಕವಾಗಿದ್ದು, ನೀರು, ಧೂಳು ಹಾಗೂ ಬಿದ್ದಾಗಿನ ಪೆಟ್ಟನ್ನು ತಡೆದುಕೊಳ್ಳುವಂತೆ ರಚಿಸಲಾದ, ಅಂಗೈಯಲ್ಲಿ ಹಿಡಿಯುವಷ್ಟು ಚಿಕ್ಕ ಕ್ಯಾಮೆರಾ. ಪ್ರವಾಸಿಗರು, ಚಾರಣಿಗರು ಮತ್ತು ಪ್ರಕೃತಿ ಅಧ್ಯಯನದಲ್ಲಿ ತೊಡಗಿದ ವಿದ್ಯಾರ್ಥಿಗಳು ಇವೆರಡರ ನಡುವೆ ಆಯ್ಕೆ ಮಾಡಬೇಕಾದ ಸಂದರ್ಭ ಬರುತ್ತದೆ. ಇವನ್ನು ಒಂದೇ ಏಣಿಯ ಮೇಲಿನ ಮತ್ತು ಕೆಳಗಿನ ಮೆಟ್ಟಿಲುಗಳೆಂದು ಭಾವಿಸುವುದು ರೂಢಿಯಲ್ಲಿದ್ದರೂ ಸರಿಯಲ್ಲ. ಮೊದಲನೆಯದು ಬೆಳಕಿನ ಕೊರತೆಯನ್ನು ಎದುರಿಸಲು ರೂಪುಗೊಂಡ ಸಾಧನ; ಎರಡನೆಯದು ನೀರನ್ನು ಎದುರಿಸಲು ರೂಪುಗೊಂಡದ್ದು. ಬಳಸುವವರು ಹೋಗುವ ಸ್ಥಳದಲ್ಲಿ ಇವೆರಡರಲ್ಲಿ ಯಾವುದರ ಬಾಧೆ ಹೆಚ್ಚು ಎಂಬುದೇ ಆಯ್ಕೆಯ ಮೊದಲ ಪ್ರಶ್ನೆ.

ಹಿನ್ನೆಲೆ

36 × 24 ಮಿಲಿಮೀಟರ್ ಎಂಬ ಅಳತೆ ಫಿಲ್ಮ್ ಕಾಲದಿಂದ ಬಂದದ್ದು. ಜರ್ಮನಿಯ ಆಸ್ಕರ್ ಬರ್ನಾಕ್ ರೂಪಿಸಿದ ಲೈಕಾ ಕ್ಯಾಮೆರಾ 1925ರಲ್ಲಿ ಮಾರುಕಟ್ಟೆಗೆ ಬಂದು ಈ ಚೌಕಟ್ಟನ್ನು ಜನಪ್ರಿಯಗೊಳಿಸಿತು. ಫಿಲ್ಮ್ ಯುಗದಲ್ಲಿ ದುಬಾರಿ ಕ್ಯಾಮೆರಾಕ್ಕೂ ಅಗ್ಗದ ಕ್ಯಾಮೆರಾಕ್ಕೂ ಬಹುಮಟ್ಟಿಗೆ ಅದೇ ಸುರುಳಿಯನ್ನು ಹಾಕುತ್ತಿದ್ದುದರಿಂದ ಚಿತ್ರದ ಗಾತ್ರದಲ್ಲಿ ಭೇದವಿರಲಿಲ್ಲ. 1963ರಲ್ಲಿ ಬಂದ ನಿಕಾನೋಸ್ ಕ್ಯಾಮೆರಾ ನೀರಿನೊಳಗೆ ಹಾಗೆಯೇ ಒಯ್ಯಬಹುದಾಗಿದ್ದರೂ ಇದೇ 35 ಮಿಲಿಮೀಟರ್ ಫಿಲ್ಮನ್ನೇ ಬಳಸುತ್ತಿತ್ತು. ಜಾಕ್ ಕೂಸ್ಟೋ ಅವರ ಪ್ರೇರಣೆಯಿಂದ ಹುಟ್ಟಿದ ಕ್ಯಾಲಿಪ್ಸೋ ಎಂಬ ಕ್ಯಾಮೆರಾ ಇದರ ಮೂಲ. ಅಂದರೆ ಇಂದು ನಾವು ಎರಡು ಸಾಧನಗಳಲ್ಲಿ ಹುಡುಕುವ ಗುಣಗಳು ಒಮ್ಮೆ ಒಂದರಲ್ಲೇ ಇದ್ದವು.

ಡಿಜಿಟಲ್ ತಂತ್ರಜ್ಞಾನ ಈ ಸಮಾನತೆಯನ್ನು ಮುರಿಯಿತು. ಸಿಲಿಕಾನ್ ಸಂವೇದಕದ ವಿಸ್ತೀರ್ಣ ಹೆಚ್ಚಿದಂತೆ ಬೆಲೆ ಏರುತ್ತದೆ, ಅದಕ್ಕೆ ತಕ್ಕ ಮಸೂರವೂ ದೊಡ್ಡದಾಗುತ್ತದೆ. ಆದ್ದರಿಂದ ಕಿಸೆಯ ಕ್ಯಾಮೆರಾಗಳಿಗೆ ಸಣ್ಣ ಸಂವೇದಕವೇ ಗತಿಯಾಯಿತು. ಇತ್ತ 2013ರಲ್ಲಿ ಸೋನಿ ಸಂಸ್ಥೆಯ ಆಲ್ಫಾ 7 ಮತ್ತು 7ಆರ್, 2018ರಲ್ಲಿ ನಿಕಾನ್ ಜೆಡ್ 6, ಜೆಡ್ 7 ಹಾಗೂ ಕ್ಯಾನನ್ ಇಒಎಸ್ ಆರ್ ಕ್ಯಾಮೆರಾಗಳು ಪ್ರಕಟವಾಗಿ ಫುಲ್ ಫ್ರೇಮ್ ಮಿರರ್‌ಲೆಸ್ ಪದ್ಧತಿ ನೆಲೆಯೂರಿತು. ಕನ್ನಡಿ ಹೋದ ಮೇಲೆ ಮಸೂರವನ್ನು ಸಂವೇದಕದ ಸಮೀಪಕ್ಕೆ ತರಲು ಸಾಧ್ಯವಾಯಿತು. ನಿಕಾನ್ ಕ್ಯಾಮೆರಾಗಳಲ್ಲಿ ಈ ಅಂತರ 46.5 ಮಿಲಿಮೀಟರ್‌ನಿಂದ 16 ಮಿಲಿಮೀಟರ್‌ಗೆ ಇಳಿದಿದೆ. ದೇಹ ತೆಳ್ಳಗಾಯಿತು, ಮಸೂರಗಳು ಮಾತ್ರ ಅಷ್ಟಾಗಿ ಹಗುರವಾಗಲಿಲ್ಲ.

ಸಂವೇದಕದ ವಿಸ್ತೀರ್ಣ ಮತ್ತು ಬೆಳಕು

ಫುಲ್ ಫ್ರೇಮ್ ಸಂವೇದಕದ ವಿಸ್ತೀರ್ಣ 864 ಚದರ ಮಿಲಿಮೀಟರ್. ಜಲನಿರೋಧಕ ಕಾಂಪ್ಯಾಕ್ಟ್‌ಗಳಲ್ಲಿ ಸಾಮಾನ್ಯವಾಗಿರುವ, 1/2.3 ಇಂಚು ಎಂದು ಹೆಸರಿಸಲಾಗುವ ಸಂವೇದಕ ಸುಮಾರು 6.2 × 4.6 ಮಿಲಿಮೀಟರ್ ಇದ್ದು, ಅದರ ವಿಸ್ತೀರ್ಣ ಸುಮಾರು 28 ಚದರ ಮಿಲಿಮೀಟರ್ ಮಾತ್ರ. ಮೊದಲನೆಯದು ಎರಡನೆಯದರ ಸುಮಾರು 30 ಪಟ್ಟು. ಮಳೆನೀರನ್ನು ಹಿಡಿಯಲು ಅಂಗಳದಲ್ಲಿ ಒಂದು ಕೊಪ್ಪರಿಗೆಯನ್ನೂ ಒಂದು ಬಟ್ಟಲನ್ನೂ ಇಟ್ಟಂತೆ: ಮಳೆ ಒಂದೇ ಆದರೂ ಕೂಡಿಬೀಳುವ ನೀರು ಒಂದೇ ಅಲ್ಲ. ಬೆಳಕು ಕಡಿಮೆ ಸಂಗ್ರಹವಾದಾಗ ಚಿತ್ರದಲ್ಲಿ ಕಾಣುವ ಮರಳಿನಂತಹ ಚುಕ್ಕೆಗಳನ್ನು ನಾಯ್ಸ್ ಎನ್ನುತ್ತಾರೆ. ಕಾಂಪ್ಯಾಕ್ಟ್ ಕ್ಯಾಮೆರಾ ಅದನ್ನು ತನ್ನೊಳಗೇ ಅಳಿಸಲು ಯತ್ನಿಸುವಾಗ ಎಲೆಯ ನರ, ಬಟ್ಟೆಯ ನೇಯ್ಗೆ, ಮುಖದ ಸೂಕ್ಷ್ಮ ಗೆರೆಗಳೂ ಅಳಿಸಿಹೋಗುತ್ತವೆ.

ಇದರ ಪರಿಣಾಮವನ್ನು ರಾತ್ರಿಯ ಯಕ್ಷಗಾನದ ರಂಗಸ್ಥಳದಲ್ಲಿ ಚೆನ್ನಾಗಿ ಕಾಣಬಹುದು. ವೇಷಧಾರಿಯ ಕುಣಿತವನ್ನು ಮಸುಕಾಗದಂತೆ ಹಿಡಿಯಲು ಷಟರ್ ವೇಗ ಸೆಕೆಂಡಿನ 1/250 ಭಾಗದಷ್ಟಾದರೂ ಬೇಕಾಗುತ್ತದೆ. ಎಫ್/2.8 ಅಪರ್ಚರ್‌ನ ಮಸೂರವಿರುವ ಫುಲ್ ಫ್ರೇಮ್ ಕ್ಯಾಮೆರಾ ಮತ್ತು ಎಫ್/2 ಅಪರ್ಚರ್‌ನ ಕಾಂಪ್ಯಾಕ್ಟ್ ಅದೇ ವೇಗದಲ್ಲಿ ಅದೇ ದೃಶ್ಯವನ್ನು ತೆಗೆದರೆ, ಕಾಂಪ್ಯಾಕ್ಟ್‌ನ ಅಪರ್ಚರ್ ಸಂಖ್ಯೆ ಮೇಲುಗೈಯಂತೆ ಕಂಡರೂ, ಒಟ್ಟು ಸಂಗ್ರಹವಾಗುವ ಬೆಳಕು ಫುಲ್ ಫ್ರೇಮ್‌ನಲ್ಲಿ ಸುಮಾರು 15 ಪಟ್ಟು ಹೆಚ್ಚು. ಜಾಹೀರಾತಿನಲ್ಲಿ ಅಪರ್ಚರ್ ಸಂಖ್ಯೆಯನ್ನಷ್ಟೇ ನೋಡಿ ಹೋಲಿಸುವುದು ದಾರಿ ತಪ್ಪಿಸುತ್ತದೆ. ಜೂಮ್ ಮಾಡಿದಾಗ ಕಾಂಪ್ಯಾಕ್ಟ್‌ನ ಅಪರ್ಚರ್ ಇನ್ನೂ ಕಿರಿದಾಗುತ್ತದೆ ಎಂಬುದನ್ನೂ ಮರೆಯುವಂತಿಲ್ಲ.

ಹಾಡಹಗಲಿನ ಬಿಸಿಲಿನಲ್ಲಿ ಈ ಅಂತರ ಬಹಳಷ್ಟು ಕರಗುತ್ತದೆ. 12 ಮೆಗಾಪಿಕ್ಸೆಲ್ ಚಿತ್ರವನ್ನು ಇಂಚಿಗೆ 300 ಚುಕ್ಕೆಗಳಂತೆ ಮುದ್ರಿಸಿದರೆ ಸುಮಾರು 13 × 10 ಇಂಚು ಬರುತ್ತದೆ. ಪಠ್ಯಪುಸ್ತಕಕ್ಕೆ, ಗೋಡೆಯ ಪ್ರದರ್ಶನಫಲಕಕ್ಕೆ, ವಿಶ್ವಕೋಶದ ಲೇಖನಕ್ಕೆ ಅಷ್ಟು ಧಾರಾಳವಾಗಿ ಸಾಕು.

ಸಣ್ಣ ಸಂವೇದಕದ ಅನುಕೂಲ

ಕೀಟ, ಕಪ್ಪೆ, ಹಾವಸೆ, ಅಣಬೆಗಳನ್ನು ಸಮೀಪದಿಂದ ತೆಗೆಯುವಾಗ ಸಣ್ಣ ಸಂವೇದಕ ದೌರ್ಬಲ್ಯವಾಗದೆ ಗುಣವಾಗುತ್ತದೆ. ಅದರಲ್ಲಿ ಸ್ಪಷ್ಟವಾಗಿ ಮೂಡುವ ಆಳ ಹೆಚ್ಚು. ಎಫ್/2ರಲ್ಲಿ ಅದು ಕೊಡುವ ಆಳವನ್ನು ಪಡೆಯಲು ಫುಲ್ ಫ್ರೇಮ್ ಕ್ಯಾಮೆರಾವನ್ನು ಸುಮಾರು ಎಫ್/11ಕ್ಕೆ ಕಿರಿದುಗೊಳಿಸಬೇಕು. ಒಲಿಂಪಸ್ ಸಂಸ್ಥೆಯ ಟಿಜಿ ಸರಣಿಯ ಕ್ಯಾಮೆರಾಗಳು ಮಸೂರದಿಂದ 1 ಸೆಂಟಿಮೀಟರ್ ದೂರದ ವಸ್ತುವನ್ನೂ ಸ್ಪಷ್ಟವಾಗಿ ಸೆರೆಹಿಡಿಯುತ್ತವೆ. ಫುಲ್ ಫ್ರೇಮ್‌ನಲ್ಲಿ ಇದೇ ಕೆಲಸಕ್ಕೆ ಪ್ರತ್ಯೇಕ ಮ್ಯಾಕ್ರೋ ಮಸೂರ ಕೊಳ್ಳಬೇಕಾಗುತ್ತದೆ. ಗುಣಮಟ್ಟದಲ್ಲಿ ಆ ಮಸೂರವೇ ಮೇಲು. ಆದರೆ ಜಿಗಣೆಗಳಿರುವ ಕೆಸರಿನಲ್ಲಿ ಮಂಡಿಯೂರಿ ಅದನ್ನು ಜೋಡಿಸುವಷ್ಟರಲ್ಲಿ ಕಪ್ಪೆ ಕಾಯುವುದಿಲ್ಲ. ಹಿನ್ನೆಲೆಯನ್ನು ಮಸುಕಾಗಿಸಿ ಮುಖವನ್ನು ಎತ್ತಿತೋರುವ ಭಾವಚಿತ್ರ ಬೇಕಾದರೆ ಮಾತ್ರ ಫುಲ್ ಫ್ರೇಮ್‌ಗೆ ಎದುರಿಲ್ಲ.

ಜಲನಿರೋಧಕತೆಯ ಅರ್ಥ

ಇಲ್ಲಿ ಬಳಕೆದಾರರಿಗೆ ಹೆಚ್ಚು ನಷ್ಟವುಂಟುಮಾಡುವ ತಪ್ಪುಕಲ್ಪನೆಗಳಿವೆ. ಅನೇಕ ಫುಲ್ ಫ್ರೇಮ್ ಕ್ಯಾಮೆರಾಗಳ ವಿವರಣೆಯಲ್ಲಿ ಹವಾಮಾನ ರಕ್ಷಣೆ ಇದೆಯೆಂದು ಬರೆದಿರುತ್ತದೆ. ಗುಂಡಿಗಳ ಸುತ್ತ ಮತ್ತು ಸಂದುಗಳಲ್ಲಿ ತುಂತುರು ಹನಿ, ಧೂಳು ನುಗ್ಗದಂತೆ ರಬ್ಬರ್ ಪಟ್ಟಿ ಹಾಕಲಾಗಿದೆ ಎಂಬುದಷ್ಟೇ ಅದರ ಅರ್ಥ. ಜೋಡಿಸಿದ ಮಸೂರಕ್ಕೂ ಅಂತಹ ರಕ್ಷಣೆ ಇಲ್ಲದಿದ್ದರೆ ದೇಹದ ರಕ್ಷಣೆ ಅರ್ಧಕ್ಕೇ ನಿಲ್ಲುತ್ತದೆ. ಮಳೆಯಲ್ಲಿ ನಿಂತು ಮಸೂರ ಬದಲಾಯಿಸಿದರೆ ಅದೂ ಉಳಿಯುವುದಿಲ್ಲ.

ಜಲನಿರೋಧಕ ಕಾಂಪ್ಯಾಕ್ಟ್‌ನ ವಿನ್ಯಾಸ ಬೇರೆ. ಬಹಳಷ್ಟು ಮಾದರಿಗಳಲ್ಲಿ ಮಸೂರ ಹೊರಚಾಚುವುದಿಲ್ಲ. ಮುಂದಿನ ಗಾಜಿನಿಂದ ಒಳಬಂದ ಬೆಳಕನ್ನು ಪಟ್ಟಕ ಅಡ್ಡಕ್ಕೆ ತಿರುಗಿಸುತ್ತದೆ, ಜೂಮ್ ಚಲನೆಯೆಲ್ಲ ದೇಹದೊಳಗೇ ನಡೆಯುತ್ತದೆ. ತೆರೆಯುವ ಭಾಗವೆಂದರೆ ಬ್ಯಾಟರಿಯ ಬಾಗಿಲು ಮತ್ತು ತಂತಿ ಜೋಡಿಸುವ ಕಿಂಡಿ. ಕುಕ್ಕರಿನ ಮುಚ್ಚಳದ ಗ್ಯಾಸ್ಕೆಟ್‌ನಂತೆ ಅಲ್ಲಿರುವ ರಬ್ಬರ್ ಪಟ್ಟಿಯೇ ಕ್ಯಾಮೆರಾದ ಪ್ರಾಣ. ಒಂದು ಕೂದಲೆಳೆ, ಒಂದು ಮರಳಿನ ಕಣ ಅದರ ಮೇಲೆ ಸಿಕ್ಕಿಕೊಂಡರೂ ನೀರಿಗೆ ದಾರಿಯಾಗುತ್ತದೆ.

ತಯಾರಕರು ಆಳದ ಮಿತಿಯನ್ನು ಮೀಟರ್‌ಗಳಲ್ಲಿ ಸೂಚಿಸುತ್ತಾರೆ. 2023ರಲ್ಲಿ ಬಂದ ಓಎಂ ಸಿಸ್ಟಂ ಟಿಜಿ-7ಕ್ಕೆ 15 ಮೀಟರ್, 2017ರ ನಿಕಾನ್ ಕೂಲ್‌ಪಿಕ್ಸ್ ಡಬ್ಲ್ಯು300ಕ್ಕೆ 30 ಮೀಟರ್. ನೀರಿನಲ್ಲಿ ಪ್ರತಿ 10 ಮೀಟರ್‌ಗೆ ಸುಮಾರು ಒಂದು ವಾಯುಮಂಡಲದಷ್ಟು ಒತ್ತಡ ಹೆಚ್ಚುತ್ತದೆ. 15 ಮೀಟರ್ ಆಳದಲ್ಲಿ 60 ಚದರ ಸೆಂಟಿಮೀಟರ್‌ನ ಹಿಂಬದಿಯ ಮೇಲೆ ಬೀಳುವ ಹೆಚ್ಚುವರಿ ಭಾರ ಸುಮಾರು 90 ಕಿಲೋಗ್ರಾಂ. ಈ ಅಂಕಿಗಳನ್ನು ಹೊಸ ಕ್ಯಾಮೆರಾಕ್ಕೆ, ಸ್ವಚ್ಛವಾದ ರಬ್ಬರ್ ಪಟ್ಟಿಗೆ ಅನ್ವಯಿಸಿ ಹೇಳಲಾಗಿದೆ. ರಬ್ಬರ್ ಕಾಲಕ್ರಮದಲ್ಲಿ ಗಡುಸಾಗುವುದರಿಂದ ಅದನ್ನು ವರ್ಷಕ್ಕೊಮ್ಮೆ ಬದಲಿಸುವಂತೆ ಸೂಚಿಸುವ ತಯಾರಕರೂ ಇದ್ದಾರೆ. ಸಮುದ್ರದಿಂದ ಹೊರಬಂದ ಕೂಡಲೇ ಬಾಗಿಲು ತೆರೆಯದೆ ಕ್ಯಾಮೆರಾವನ್ನು ಸಿಹಿನೀರಿನಲ್ಲಿ ನೆನೆಸಿ, ಒರೆಸಿ, ಒಣಗಿದ ಮೇಲೆಯೇ ತೆರೆಯಬೇಕು. ಜಲನಿರೋಧಕವೆಂದರೆ ತೇಲುತ್ತದೆ ಎಂದಲ್ಲ, ಹೆಚ್ಚಿನವು ಮುಳುಗುತ್ತವೆ. ಆದ್ದರಿಂದ ತೇಲುವ ಕೈಪಟ್ಟಿ ಅವಶ್ಯ.

ನೀರಿನ ಒಳಗೆ

ಮುರುಡೇಶ್ವರದ ಬಳಿಯ ನೇತ್ರಾಣಿ ದ್ವೀಪದಲ್ಲಿ ಸ್ಕೂಬಾ ಮುಳುಗುವಿಕೆಗೆ ಹೋಗುವವರು ಆಳದ ಮಿತಿಯನ್ನು ಮೊದಲು ನೋಡಬೇಕು. ಮೊದಲ ಬಾರಿಗೆ ತರಬೇತುದಾರರೊಂದಿಗೆ ಇಳಿಯುವವರಿಗೆ ಸಾಮಾನ್ಯವಾಗಿ 12 ಮೀಟರ್, ಪ್ರಾಥಮಿಕ ಪ್ರಮಾಣಪತ್ರ ಪಡೆದವರಿಗೆ 18 ಮೀಟರ್ ಮಿತಿ ಇರುತ್ತದೆ. 15 ಮೀಟರ್‌ನ ಕ್ಯಾಮೆರಾ ಮೊದಲನೆಯವರಿಗೆ ಸಾಕು. ಎರಡನೆಯವರಿಗೆ ಹೊರಗವಚವಿಲ್ಲದೆ ಸಾಲದು.

ಆಳಕ್ಕೆ ಹೋದಂತೆ ನೀರು ಮೊದಲು ಕೆಂಪು ಬಣ್ಣವನ್ನು ಹೀರುವುದರಿಂದ ಚಿತ್ರ ನೀಲಿ ಹಸಿರಿಗೆ ತಿರುಗುತ್ತದೆ. ಕಚ್ಚಾ ದತ್ತಾಂಶವಾದ ರಾ ಕಡತ ಉಳಿಸುವ ಕ್ಯಾಮೆರಾವಿದ್ದರೆ ಬಣ್ಣವನ್ನು ಅನಂತರ ತಿದ್ದುವುದು ಸುಲಭ. ಫುಲ್ ಫ್ರೇಮ್‌ಗಳಲ್ಲಿ ಇದು ಸಾಮಾನ್ಯ. ಟಿಜಿ ಸರಣಿಯಲ್ಲಿ 2015ರ ಟಿಜಿ-4ರಿಂದ ಇದೆ. ಹಲವು ಜಲನಿರೋಧಕ ಕಾಂಪ್ಯಾಕ್ಟ್‌ಗಳಲ್ಲಿ ಇಲ್ಲವೇ ಇಲ್ಲ. ಫುಲ್ ಫ್ರೇಮ್ ಕ್ಯಾಮೆರಾವನ್ನೂ ವಿಶೇಷ ಕವಚದಲ್ಲಿಟ್ಟು ನೀರಿಗೆ ಇಳಿಸಬಹುದು, ವೃತ್ತಿಪರರು ಮಾಡುವುದೂ ಅದನ್ನೇ. ಆದರೆ ಗಟ್ಟಿ ಲೋಹದ ಕವಚಕ್ಕೆ ಕ್ಯಾಮೆರಾದಷ್ಟೇ ಖರ್ಚು ಬೀಳಬಹುದು.

ಮಲೆನಾಡಿನ ಮಳೆಗಾಲ ಮತ್ತು ಬೂಷ್ಟು

ಆಗುಂಬೆಯಂತಹ ಸ್ಥಳಗಳಲ್ಲಿ ಮಳೆಗಾಲದ ತಿಂಗಳುಗಳಲ್ಲಿ ಕ್ಯಾಮೆರಾಕ್ಕೆ ನೇರವಾಗಿ ಬೀಳುವ ನೀರಿಗಿಂತ ಗಾಳಿಯ ತೇವವೇ ದೊಡ್ಡ ಶತ್ರು. ಚೀಲದಲ್ಲಿ ಮುಚ್ಚಿಟ್ಟ ಮಸೂರದ ಗಾಜಿನ ಮೇಲೆ ಬೂಷ್ಟು ಜೇಡರ ಬಲೆಯಂತೆ ಹರಡುತ್ತದೆ. ಹೆಚ್ಚು ಕಾಲ ಬಿಟ್ಟರೆ ಗಾಜಿನ ಲೇಪನವನ್ನೇ ಕೊರೆದು, ಶುಚಿಗೊಳಿಸಿದರೂ ಕಲೆ ಉಳಿಯುತ್ತದೆ. ಫುಲ್ ಫ್ರೇಮ್ ಕೊಳ್ಳುವವರು ಗಾಳಿಯಾಡದ ಡಬ್ಬ ಮತ್ತು ಸಿಲಿಕಾ ಜೆಲ್, ಸಾಧ್ಯವಾದರೆ ತೇವಾಂಶವನ್ನು 40ರಿಂದ 50 ಶೇಕಡಾ ನಡುವೆ ಇರಿಸುವ ವಿದ್ಯುತ್ ಕಪಾಟು, ಇವುಗಳ ವೆಚ್ಚವನ್ನೂ ಲೆಕ್ಕಕ್ಕೆ ಸೇರಿಸಿಕೊಳ್ಳಬೇಕು. ಕಾಂಪ್ಯಾಕ್ಟ್‌ಗೂ ಒಂದು ತೊಡಕುಂಟು: ತೇವದ ಗಾಳಿಯಲ್ಲಿ ಬಾಗಿಲು ತೆರೆದು ಮುಚ್ಚಿ, ತಣ್ಣೀರಿಗೆ ಇಳಿಸಿದರೆ ಒಳಗಿನ ಆವಿ ಗಾಜಿನ ಹಿಂಬದಿಗೆ ಮಂಜಾಗಿ ಕೂರುತ್ತದೆ.

ತೂಕ, ಬೆಲೆ ಮತ್ತು ಮೊಬೈಲ್ ಫೋನ್

ಟಿಜಿ-7ರ ತೂಕ ಸುಮಾರು 250 ಗ್ರಾಂ. ಸೋನಿ ಆಲ್ಫಾ 7 ಮಾರ್ಕ್ 3ರ ದೇಹವೊಂದೇ 650 ಗ್ರಾಂ. ಮಸೂರ ಸೇರಿದರೆ ಕಿಲೋಗ್ರಾಂ ದಾಟುವುದು ಸಾಮಾನ್ಯ. ಕಾಂಪ್ಯಾಕ್ಟ್‌ನ ಬೆಲೆ ಫುಲ್ ಫ್ರೇಮ್‌ಗೆ ಕೊಳ್ಳುವ ಒಂದು ಉತ್ತಮ ಜೂಮ್ ಮಸೂರದ ಬೆಲೆಗಿಂತಲೂ ಕಡಿಮೆ.

ಐಪಿ68 ದರ್ಜೆಯ ಮೊಬೈಲ್ ಇರುವಾಗ ಕಾಂಪ್ಯಾಕ್ಟ್ ಏಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಜಡಿಮಳೆಯಲ್ಲಿ ನಡೆಯುವವರಿಗೆ ಅದು ಸಾಕಾಗಬಹುದು. ಆದರೆ ಆ ದರ್ಜೆಯ ಪರೀಕ್ಷೆ ಸಿಹಿನೀರಿನಲ್ಲಿ, ನಿಗದಿತ ಆಳ ಮತ್ತು ಅವಧಿಗೆ ಮಾಡಿದ್ದು. ಉಪ್ಪುನೀರಿಗೆ ಅದು ಭರವಸೆ ಕೊಡುವುದಿಲ್ಲ. ಒದ್ದೆಯಾದ ಸ್ಪರ್ಶಪರದೆ ಬೆರಳಿಗೆ ಸರಿಯಾಗಿ ಸ್ಪಂದಿಸುವುದೂ ಇಲ್ಲ. ಕಾಂಪ್ಯಾಕ್ಟ್‌ಗೆ ಒತ್ತುವ ಗುಂಡಿಗಳಿವೆ.

ಆಯ್ಕೆ

ರಂಗಭೂಮಿ, ಮದುವೆ, ದೇವಾಲಯದ ಗರ್ಭಗುಡಿಯ ಸುತ್ತಿನ ಕತ್ತಲ ಶಿಲ್ಪ, ನಸುಕಿನ ವನ್ಯಜೀವಿ, ರಾತ್ರಿಯ ಆಕಾಶ ಇವು ಆಸಕ್ತಿಯಾದರೆ ಫುಲ್ ಫ್ರೇಮ್ ಸೂಕ್ತ. ದಾಂಡೇಲಿಯ ಕಾಳಿ ನದಿಯ ದೋಣಿಯಾನ, ಮಳೆಗಾಲದ ಚಾರಣ, ಕಡಲತೀರದಲ್ಲಿ ಮಕ್ಕಳ ಆಟ, ಹೊಳೆಯಂಚಿನ ಜೀವಿಗಳ ದಾಖಲಾತಿ ಇವುಗಳಿಗೆ ಕಾಂಪ್ಯಾಕ್ಟ್. ನೆನೆಯುವ ಭಯದಿಂದ ದುಬಾರಿ ಕ್ಯಾಮೆರಾ ಚೀಲದಲ್ಲೇ ಉಳಿದರೆ ಅದರ 864 ಚದರ ಮಿಲಿಮೀಟರ್ ಯಾರಿಗೂ ಪ್ರಯೋಜನವಿಲ್ಲ. ಶಾಲೆ ಅಥವಾ ಪ್ರಕೃತಿ ಸಂಘಕ್ಕೆ ಹತ್ತಾರು ಕೈಗಳು ಬಳಸುವ ಒಂದೇ ಕ್ಯಾಮೆರಾ ಬೇಕಿದ್ದರೆ, ಬಿದ್ದರೂ ಬಾಳುವ ಕಾಂಪ್ಯಾಕ್ಟ್ ಹೆಚ್ಚು ವಿವೇಕದ್ದು.

ಬಳಸಿದ ಕ್ಯಾಮೆರಾ ಕೊಳ್ಳುವಾಗಲೂ ಇದೇ ಭೇದ ಮುಂದುವರಿಯುತ್ತದೆ. ಫುಲ್ ಫ್ರೇಮ್ ದೇಹವನ್ನು, ಮಸೂರದಲ್ಲಿ ಬೂಷ್ಟಿಲ್ಲವೆಂದು ಬೆಳಕಿಗೆ ಹಿಡಿದು ನೋಡಿ, ಧೈರ್ಯವಾಗಿ ಕೊಳ್ಳಬಹುದು. ಬಳಸಿದ ಜಲನಿರೋಧಕ ಕಾಂಪ್ಯಾಕ್ಟ್ ಒಳಗೆ ಎಂದಾದರೂ ನೀರು ಹೋಗಿದೆಯೇ ಎಂಬುದು ಹೊರನೋಟಕ್ಕೆ ತಿಳಿಯುವುದಿಲ್ಲ. ಬ್ಯಾಟರಿ ಬಾಗಿಲ ಬಳಿಯ ಲೋಹದ ಸಂಪರ್ಕಗಳ ಮೇಲೆ ಹಸಿರು ಕಿಲುಬು ಕಂಡರೆ ಅದನ್ನು ಅಲ್ಲಿಯೇ ಬಿಡಬೇಕು. ಕಾಣದಿದ್ದರೂ ರಬ್ಬರ್ ಪಟ್ಟಿಗಳನ್ನು ಬದಲಿಸುವವರೆಗೆ ಅದನ್ನು ಮಳೆಯ ಕ್ಯಾಮೆರಾವೆಂದು ಬಳಸಬಹುದೇ ಹೊರತು ನೀರಿಗೆ ಇಳಿಸಬಾರದು.