ಬೆಕ್ಕು ಏನೋ ನುಂಗಿದೆ ಅನ್ನಿಸಿದ್ರೆ ಏನು ಮಾಡೋದು?

ನಮ್ಮ ಹಾಸ್ಟೆಲ್‌ನಲ್ಲಿ ಒಂದು ಬೆಕ್ಕಿದೆ. ಹೆಸರು ಬ್ಯಾಕ್‌ಲಾಗ್. ಎಷ್ಟು ಸಲ ಓಡಿಸಿದ್ರೂ ಕ್ಲಿಯರ್ ಆಗಲ್ಲ ಅಂತ ಸೀನಿಯರ್ಸ್ ಇಟ್ಟ ಹೆಸರು. ಕಳೆದ ಸೆಮಿಸ್ಟರ್ ಇಂಟರ್ನಲ್ಸ್ ಟೈಮಲ್ಲಿ ಅದು ಊಟ ಬಿಟ್ಟು ಸುಮ್ನೆ ಮಲಗಿತ್ತು. ಮುಟ್ಟಿದ್ರೆ ಮೈ ಬಿಸಿ. ಜ್ವರ ಇರಬೇಕು ಅಂತ ನಮ್ಮಲ್ಲೇ ಒಬ್ಬ ಅರ್ಧ ಪ್ಯಾರಾಸಿಟಮಾಲ್ ಮಾತ್ರೆ ಪುಡಿ ಮಾಡಿ ಹಾಲಲ್ಲಿ ಬೆರೆಸಿ ಇಟ್ಟ. ಅರ್ಧ ಗಂಟೆ ಆದ್ಮೇಲೆ ಇನ್ನೊಬ್ಬ ಫೋನಲ್ಲಿ ಹುಡುಕಿ ನೋಡಿದ. ಬೆಕ್ಕಿಗೆ ಅದು ವಿಷ ಅಂತಿತ್ತು. ಓಡಿ ಹೋಗಿ ನೋಡಿದ್ರೆ ಬಟ್ಟಲು ಅರ್ಧ ಖಾಲಿ. ಬ್ಯಾಕ್‌ಲಾಗೇ ಕುಡೀತಾ, ಬೇರೆ ಬೆಕ್ಕು ಕುಡೀತಾ, ಯಾರೂ ನೋಡಿರಲಿಲ್ಲ.

ಆ ರಾತ್ರಿ ನಾವು ಕಲಿತದ್ದನ್ನ ನಿಮಗೂ ಹೇಳೋಣ ಅಂತ ಈ ಲೇಖನ.

ಮೊದಲನೇದು, ಬೆಕ್ಕಿನ ಮೈ ನಮಗಿಂತ ಬಿಸಿ ಇರೋದೇ ಸಹಜ. ಅದರ ಮಾಮೂಲಿ ಉಷ್ಣಾಂಶವೇ 38ರಿಂದ 39 ಡಿಗ್ರಿ ಸೆಲ್ಸಿಯಸ್. ಎರಡನೇದು, ನಮ್ಮ ಯಕೃತ್ತು ಪ್ಯಾರಾಸಿಟಮಾಲನ್ನು ಸುಲಭವಾಗಿ ಹೊರಹಾಕುತ್ತೆ. ಬೆಕ್ಕಿನ ಯಕೃತ್ತಲ್ಲಿ ಆ ಕೆಲಸಕ್ಕೆ ಬೇಕಾದ ಕಿಣ್ವ ತೀರಾ ಕಡಿಮೆ. ಹಾಗಾಗಿ ಔಷಧಿ ಒಳಗೇ ಉಳಿದು ರಕ್ತ ಆಮ್ಲಜನಕ ಹೊರೋ ಶಕ್ತಿ ಕಳ್ಕೊಳ್ಳುತ್ತೆ. ಒಸಡು ಕಂದು ಬಣ್ಣಕ್ಕೆ ತಿರುಗುತ್ತೆ, ಮುಖ ಮತ್ತು ಪಂಜ ಊದಿಕೊಳ್ಳುತ್ತೆ, ಉಸಿರಾಟ ಜೋರಾಗುತ್ತೆ. ಒಂದೇ ಮಾತ್ರೆಗೂ ಬೆಕ್ಕು ಸಾಯಬಹುದು.

ನಮ್ಮಲ್ಲಿ ಆಗ ಎರಡು ಪಕ್ಷ ಆಯ್ತು. "ಕುಡಿದಿದೆ ಅಂತ ಗ್ಯಾರಂಟಿ ಇಲ್ವಲ್ಲ, ಬೆಳಗ್ಗೆ ನೋಡೋಣ" ಅಂತ ಕೆಲವರು. "ಈಗ್ಲೇ ಹೋಗೋಣ" ಅಂತ ಕೆಲವರು. ಕೊನೆಗೆ ಒಂದು ಕ್ಲಿನಿಕ್‌ಗೆ ಫೋನ್ ಮಾಡಿದ್ವಿ. ಡಾಕ್ಟರ್ ಹೇಳಿದ್ದು ಇಷ್ಟೇ: ಅನುಮಾನ ಇದ್ರೆ ಸಾಕು, ಲಕ್ಷಣ ಕಾಣೋ ತನಕ ಕಾಯಬೇಡಿ.

ಯಾಕೆ ಅಂದ್ರೆ ಎಷ್ಟೋ ವಿಷಗಳು ತಡವಾಗಿ ಗೊತ್ತಾಗುತ್ತವೆ. ಬ್ರೋಮಾಡಿಯೋಲೋನ್ ಇರೋ ಇಲಿ ಪಾಷಾಣ ತಿಂದ ಬೆಕ್ಕು ಎರಡು ಮೂರು ದಿನ ಆರಾಮಾಗಿ ಓಡಾಡ್ಕೊಂಡಿರುತ್ತೆ, ಆಮೇಲೆ ಒಳಗೇ ರಕ್ತಸ್ರಾವ ಶುರುವಾಗುತ್ತೆ. ಫೇರ್‌ವೆಲ್ ಬೊಕೆಯಲ್ಲಿ ಬರೋ ಲಿಲಿ ಹೂವು ಇನ್ನೂ ಅಪಾಯ. ಅದರ ಪರಾಗ ಮೈಗೆ ಅಂಟಿ, ಬೆಕ್ಕು ನೆಕ್ಕಿಕೊಂಡ್ರೂ ಕಿಡ್ನಿ ಹಾಳಾಗುತ್ತೆ.

ಇವನ್ನ ಮಾಡಲೇಬೇಡಿ:

- ಉಪ್ಪು ನೀರು ಕುಡಿಸಿ ಅಥವಾ ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಿಸಬೇಡಿ. ಉಪ್ಪೇ ಇನ್ನೊಂದು ವಿಷ ಆಗುತ್ತೆ. ಫಿನಾಯಿಲ್, ಆಸಿಡ್‌ನಂಥದ್ದು ಹೋಗಿದ್ರೆ ವಾಪಸ್ ಬರುವಾಗ ಗಂಟಲನ್ನ ಮತ್ತೆ ಸುಡುತ್ತೆ.
- ಹಾಲು, ಎಣ್ಣೆ, ತುಪ್ಪ ಬಲವಂತವಾಗಿ ಕುಡಿಸಬೇಡಿ. ಅದು ವಿಷ ಇಳಿಸಲ್ಲ, ಶ್ವಾಸಕೋಶಕ್ಕೆ ಹೋಗಬಹುದು.
- ಬಾಯಲ್ಲೋ ಹಿಂದೆಯೋ ದಾರ ನೇತಾಡ್ತಿದ್ರೆ ಎಳೀಬೇಡಿ. ಒಳಗೆ ಕರುಳಿಗೆ ಸಿಕ್ಕಿಕೊಂಡಿದ್ರೆ ಎಳೆದಾಗ ಕರುಳೇ ಕೊಯ್ದು ಹೋಗಬಹುದು.

ಇವನ್ನ ಮಾಡಿ:

- ಉಳಿದದ್ದನ್ನ ದೂರ ಇಟ್ಟು, ಬೆಕ್ಕನ್ನ ಗಾಳಿ ಆಡೋ ಪೆಟ್ಟಿಗೆಗೆ ಹಾಕಿ. ನಾವು ಬಟ್ಟೆ ಬುಟ್ಟಿ ಬಳಸಿದ್ವಿ, ಮೇಲೊಂದು ಟವೆಲ್ ಕಟ್ಟಿ.
- ಏನು, ಎಷ್ಟು, ಯಾವಾಗ, ಈ ಮೂರನ್ನ ಬರ್ಕೊಳ್ಳಿ. ಪ್ಯಾಕೆಟ್ ಅಥವಾ ಸ್ಟ್ರಿಪ್ ಜೊತೆಗೇ ಒಯ್ಯಿರಿ. ಬ್ರೋಮಾಡಿಯೋಲೋನ್‌ಗೆ ವಿಟಮಿನ್ ಕೆ1 ಪ್ರತಿವಿಷ ಇದೆ, ಜಿಂಕ್ ಫಾಸ್ಫೈಡ್‌ಗೆ ಇಲ್ಲ. ಎರಡನ್ನೂ ನಾವು "ಇಲಿ ಪಾಷಾಣ" ಅಂತಲೇ ಕರೆಯೋದು. ಡಾಕ್ಟರಿಗೆ ಬರೀ ಅಷ್ಟು ಹೇಳಿದ್ರೆ ಸಾಲಲ್ಲ.
- ತೂಕ ಗೊತ್ತಿರಲಿ. ಬೆಕ್ಕನ್ನ ಎತ್ಕೊಂಡು ಜಿಮ್ ತೂಕದ ಯಂತ್ರದ ಮೇಲೆ ನಿಂತು, ನಿಮ್ಮ ತೂಕ ಕಳೀರಿ.
- ಮೈಗೆ ಏನಾದ್ರೂ ಅಂಟಿದ್ರೆ ಮೊದಲು ಡಾಕ್ಟರನ್ನ ಫೋನಲ್ಲೇ ಕೇಳಿ, ನೆಕ್ಕದ ಹಾಗೆ ಟವೆಲ್ ಸುತ್ತಿ.

ಕ್ಯಾಂಪಸ್ಸಲ್ಲಿ ಹುಷಾರಾಗಿರಬೇಕಾದ್ದು: ನೆಲಕ್ಕೆ ಹಾಕಿದ ಫಿನಾಯಿಲ್ (ಪಂಜಕ್ಕೆ ಅಂಟಿ ಬಾಯಿಗೆ ಹೋಗುತ್ತೆ), ಪ್ರಾಜೆಕ್ಟ್ ಲ್ಯಾಬಿನ ಬಟನ್ ಸೆಲ್, ಸೋಲ್ಡರ್ ತುಂಡು, ಗಾಳಿಪಟದ ದಾರ, ಮೆಸ್‌ನ ಈರುಳ್ಳಿ ಬೆಳ್ಳುಳ್ಳಿ ಹಾಕಿದ ಗ್ರೇವಿ.

ನಮ್ಮ ಕಥೆಗೆ ಬಂದ್ರೆ, ವಾರ್ಡನ್ ಸರ್ ಹತ್ರ ಪರ್ಮಿಷನ್ ತಗೊಂಡು, ಆಟೋ ಹಿಡಿದು ಹೋಗೋ ಅಷ್ಟರಲ್ಲಿ ಒಸಡಿನ ಬಣ್ಣ ಬದಲಾಗೋಕೆ ಶುರುವಾಗಿತ್ತು. ಹಾಲು ಕುಡಿದಿದ್ದು ಬ್ಯಾಕ್‌ಲಾಗೇ. ಡಾಕ್ಟರ್ ಅಸಿಟೈಲ್‌ಸಿಸ್ಟೀನ್ ಅನ್ನೋ ಪ್ರತಿವಿಷ ಕೊಟ್ಟರು, ಎರಡು ದಿನ ಅಲ್ಲೇ ಇಟ್ಕೊಂಡರು. ಬಿಲ್ ಹನ್ನೊಂದು ಜನ ಹಂಚ್ಕೊಂಡ್ವಿ. ಬೆಳಗ್ಗೆ ತನಕ ಕಾದಿದ್ರೆ ಉಳೀತಿರಲಿಲ್ಲ ಅಂತ ಅವರೇ ಹೇಳಿದ್ರು. ಮಾತ್ರೆ ಕೊಟ್ಟ ಗೆಳೆಯ ಆ ಎರಡೂ ದಿನ ಸರಿಯಾಗಿ ಊಟ ಮಾಡಲಿಲ್ಲ. ಅವನನ್ನ ನಾವ್ಯಾರೂ ಬೈಯಲಿಲ್ಲ. ಅವನ ಜಾಗದಲ್ಲಿ ನಾವಿದ್ರೂ ಬಹುಶಃ ಅದನ್ನೇ ಮಾಡ್ತಿದ್ವಿ.

ಒಂದು ಕೋರಿಕೆ. ನಿಮ್ಮ ಹತ್ತಿರ ರಾತ್ರಿ ತೆರೆದಿರೋ ಪಶುವೈದ್ಯರ ನಂಬರ್ ಇವತ್ತೇ ಹುಡುಕಿ ಸೇವ್ ಮಾಡ್ಕೊಳ್ಳಿ. ಬೆಂಗಳೂರಿನ ಹೆಬ್ಬಾಳ, ಶಿವಮೊಗ್ಗ, ಹಾಸನ, ಬೀದರ್‌ಗಳಲ್ಲಿ ಪಶುವೈದ್ಯಕೀಯ ಕಾಲೇಜುಗಳಿವೆ, ಅಲ್ಲಿನ ಆಸ್ಪತ್ರೆಯ ಸಮಯವನ್ನೂ ವಿಚಾರಿಸಿ ಇಟ್ಕೊಳ್ಳಿ. ನಾವು ಆ ರಾತ್ರಿ ನಂಬರ್ ಹುಡುಕೋದ್ರಲ್ಲೇ 20 ನಿಮಿಷ ಕಳೆದ್ವಿ.