ಮನೆಯಲ್ಲೇ ತಯಾರಿಸುವ ಆಂಪ್ಲಿಫೈಯರ್‌ಗೆ ಟ್ರಾನ್ಸ್‌ಫಾರ್ಮರ್ ಆಯ್ಕೆ

ಮುಂಬಯಿಯ ಲ್ಯಾಮಿಂಗ್ಟನ್ ರಸ್ತೆಗಾಗಲಿ, ಚೆನ್ನೈನ ರಿಚಿ ಸ್ಟ್ರೀಟಿಗಾಗಲಿ, ಬೆಂಗಳೂರಿನ ಎಸ್.ಪಿ. ರಸ್ತೆಗಾಗಲಿ ಹೋಗಿ ಆಂಪ್ಲಿಫೈಯರ್ ಕಿಟ್ ಕೇಳಿದರೆ, ಜೊತೆಗೆ '12-0-12, 2 ಆಂಪಿಯರ್' ಎಂಬ ಟ್ರಾನ್ಸ್‌ಫಾರ್ಮರನ್ನೂ ಕೊಳ್ಳುವುದು ವಾಡಿಕೆ. ನಾವೂ ಹಿಂದೊಮ್ಮೆ ಹಾಗೆಯೇ ತಂದು ಟಿಡಿಎ 2030 ಐಸಿಯ ಕಿಟ್ಟಿಗೆ ಜೋಡಿಸಿದ್ದೆವು. ಮೊದಲ ಸಂಜೆ ಭಾವಗೀತೆ ಇಂಪಾಗಿ ಕೇಳಿಸಿತು. ಮೂರನೆಯ ದಿನ ಐಸಿ ಸುಟ್ಟುಹೋಯಿತು. ತಪ್ಪು ಅಂಗಡಿಯವರದಲ್ಲ, ಲೆಕ್ಕ ಹಾಕದ ನಮ್ಮದೇ.

ಟ್ರಾನ್ಸ್‌ಫಾರ್ಮರಿನ ಮೇಲೆ ಬರೆದಿರುವ 12 ವೋಲ್ಟ್, ಪೂರ್ಣ ಹೊರೆಯಿರುವಾಗಿನ ಎಸಿ ವೋಲ್ಟೇಜ್. ಡಯೋಡುಗಳನ್ನೂ ಕೆಪಾಸಿಟರನ್ನೂ ದಾಟಿದ ಮೇಲೆ ಅದು ಅಲೆಯ ಶಿಖರಮಟ್ಟಕ್ಕೆ, ಅಂದರೆ 1.414 ಪಟ್ಟಿಗೆ ಏರುತ್ತದೆ. ಹೀಗೆ ದೊರೆಯುವ 17 ವೋಲ್ಟಿನಲ್ಲಿ ಡಯೋಡ್ ಸುಮಾರು 1 ವೋಲ್ಟ್ ಕಳೆದರೆ ಉಳಿಯುವುದು 16. ಟಿಡಿಎ 2030ರ ಗರಿಷ್ಠ ಮಿತಿ ಧನ 18, ಋಣ 18. ಹಾಗಾದರೆ ಭಯವೇಕೆ ಎನ್ನಬಹುದು. ಆದರೆ ಹಾಡು ನಿಂತು ಹೊರೆ ಇಳಿದಾಗ ಸಣ್ಣ ಟ್ರಾನ್ಸ್‌ಫಾರ್ಮರಿನ ವೋಲ್ಟೇಜ್ ಶೇ. 10ರಷ್ಟೋ ಅದಕ್ಕೂ ಮಿಗಿಲಾಗಿಯೋ ಏರುತ್ತದೆ. ರಾತ್ರಿ ವೇಳೆ ಮನೆಯ 230 ವೋಲ್ಟ್ 250ಕ್ಕೆ ಏರುವುದೂ ಉಂಟು. ಎರಡೂ ಕೂಡಿದ ದಿನ ಐಸಿಗೆ ತಲುಪುವುದು 19ಕ್ಕೂ ಹೆಚ್ಚು! ಆದ್ದರಿಂದ ಈ ಐಸಿಗೆ 9-0-9 ಸಾಕು. 12-0-12 ಈಗಾಗಲೇ ಕೈಯಲ್ಲಿದ್ದರೆ, 25 ವೋಲ್ಟಿನವರೆಗೆ ತಾಳುವ ಟಿಡಿಎ 2050 ಕೊಳ್ಳುವುದು ಲೇಸು.

ಇನ್ನು ಸಾಮರ್ಥ್ಯದ ಮಾತು. ಎರಡು ಚಾನೆಲ್‌ಗಳಿಂದ ತಲಾ 8 ವ್ಯಾಟ್ ಬೇಕೆಂದರೆ ಒಟ್ಟು 16. ಆಂಪ್ಲಿಫೈಯರ್ ಬಿಸಿಯಾಗಿ ಕಳೆಯುವುದನ್ನು ಸೇರಿಸಿದರೆ 27ರ ಆಸುಪಾಸು. ಕೆಪಾಸಿಟರ್ ವಿದ್ಯುತ್ತನ್ನು ಒಂದೇ ಸಮನೆ ಎಳೆಯದೆ ಗುಟುಕು ಗುಟುಕಾಗಿ ಎಳೆಯುವುದರಿಂದ ಸುರುಳಿ ಹೆಚ್ಚು ಕಾಯುತ್ತದೆ. ಅದಕ್ಕಾಗಿ ಒಂದೂವರೆ ಪಟ್ಟು, ಅಂದರೆ 40 ವಿಎ ಇರಬೇಕು. 9-0-9ರಲ್ಲಿ 2 ಆಂಪಿಯರಿನದು 36 ವಿಎ, ಅಷ್ಟಕ್ಕಷ್ಟೆ. 3 ಆಂಪಿಯರಿನದು 54, ನಿಶ್ಚಿಂತೆ. ಲೇಬಲ್ಲನ್ನಷ್ಟೇ ನಂಬದೆ ಕೈಯಲ್ಲಿ ಎತ್ತಿ ನೋಡಬೇಕು. ತಾಮ್ರದ ತಂತಿ ಸುತ್ತಿದ 50 ವಿಎ ಟ್ರಾನ್ಸ್‌ಫಾರ್ಮರ್ ಸುಮಾರು ಒಂದು ಕಿಲೋ ತೂಗುತ್ತದೆ; ತೀರ ಹಗುರವಾದದ್ದು ಅಲ್ಯೂಮಿನಿಯಂ ಸುತ್ತಿದ್ದಿರಬಹುದು.

ಬಳೆಯಾಕಾರದ ಟೊರಾಯ್ಡಲ್ ಟ್ರಾನ್ಸ್‌ಫಾರ್ಮರಿನಿಂದ ಸ್ಪೀಕರಿನ ಗುಂಯ್ ಸದ್ದು ಕಡಿಮೆ, ಬೆಲೆ ಹೆಚ್ಚು. ಅದರ ನಡುವಿನ ಬೋಲ್ಟಿನ ಎರಡೂ ತುದಿ ಲೋಹದ ಪೆಟ್ಟಿಗೆಗೆ ತಗುಲಕೂಡದು. ತಗುಲಿದರೆ ಅದೇ ಒಂದು ಶಾರ್ಟ್ ಆದ ಸುತ್ತಾಗಿ ಫ್ಯೂಸ್ ಹಾರುತ್ತದೆ.

ರಜೆಯಲ್ಲಿ ಮಕ್ಕಳು ಈ ಕೆಲಸಕ್ಕೆ ಕೈಹಾಕುವಾಗ ಹಿರಿಯರೊಬ್ಬರು ಪಕ್ಕದಲ್ಲಿರಲೇಬೇಕು. 230 ವೋಲ್ಟಿನ ತುದಿಗಳನ್ನು ಪೂರ್ತಿ ಮುಚ್ಚಿ, ಲೈವ್ ತಂತಿಗೆ ಫ್ಯೂಸ್ ಹಾಕಿ, ಲೋಹದ ಪೆಟ್ಟಿಗೆಗೆ ಅರ್ಥ್ ಜೋಡಿಸಿರಬೇಕು. ಮೊದಲ ಸಲ ವಿದ್ಯುತ್ ಕೊಡುವಾಗ ಲೈವ್ ತಂತಿಯ ನಡುವೆ ಹಳೆಯ ಮಾದರಿಯ 60 ವ್ಯಾಟ್ ಬಲ್ಬನ್ನು ಸರಣಿಯಲ್ಲಿ ಸೇರಿಸಿ. ಬಲ್ಬು ಕ್ಷಣಕಾಲ ಮಿನುಗಿ ಮಂಕಾದರೆ ಸರಿ. ಪ್ರಖರವಾಗಿ ಉರಿಯುತ್ತಲೇ ಇದ್ದರೆ ಒಳಗೆಲ್ಲೋ ಶಾರ್ಟ್ ಆಗಿದೆ, ಕೂಡಲೇ ಪ್ಲಗ್ ಕೀಳಿರಿ.